ಮುನಿವೆಂಕಟಮ್ಮನ ಹೇಳಿಕೆ

ಲಂಡನ್
೧೨ ನವೆಂಬರ್ ೧೯೫೭

ಪೂಜ್ಯ ಗುರುಗಳಾದ ನರಸಿಂಹಯ್ಯನವರಿಗೆ ಆನಂದಪ್ಪನ ನಮಸ್ಕಾರಗಳು.

ನಾನು ಇಲ್ಲಿಗೆ ಬಂದು ಆರು ವಾರವಾಯಿತು. ಅಮ್ಮನಿಗೆ ಬಂದ ವಾರವೇ ಬರೆದೆ. ನಿಮ್ಮದು ತಡವಾಯಿತು. ಕಾಗದದಲ್ಲಿ ಏನಿದೆ ಎಂದು ನೋಡುವ ಮೊದಲು ನೀವು ಕಾಗುಣಿತ ನೋಡುತ್ತೀರಿ ಎಂಬ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

ಹೆಬ್ಬಾಳದ ಪಾದ್ರಿ ಬಂಗಲೆಯಲ್ಲಿ ಎರಡು ವರ್ಷ ನಿಮ್ಮ ಪಕ್ಕ ಕುಳಿತು ಸತ್ಯವೇದದ ಹಳೆಯ ಕನ್ನಡ ಅನುವಾದ ತಿದ್ದುತ್ತಿದ್ದಾಗ, ಬಿಡುವಿನಲ್ಲಿ ನೀವು ನನಗೆ ಓಲೆಗರಿ ಓದುವುದನ್ನು ಕಲಿಸಿದಿರಿ. ಪದಗಳ ನಡುವೆ ಜಾಗವೇ ಬಿಡದ ಸಾಲನ್ನು ಬಾಯಿಬಿಟ್ಟು ಓದಿದರೆ ತಾನಾಗಿ ಒಡೆಯುತ್ತದೆ ಎಂದಿದ್ದಿರಿ. ಇಲ್ಲಿನ ಹಳೆಯ ಗ್ರೀಕ್ ಪ್ರತಿಗಳೂ ಹಾಗೆಯೇ. ಜೊತೆಯವರು ಕಣ್ಣಲ್ಲೇ ಓದಿ ತಡವರಿಸುತ್ತಾರೆ. ನಾನು ಮೆಲ್ಲಗೆ ತುಟಿ ಆಡಿಸುತ್ತೇನೆ. ಪ್ರೊಫೆಸರರು ಅದನ್ನು ಗಮನಿಸಿ, ಯಾರು ಕಲಿಸಿದರು ಎಂದು ಕೇಳಿದರು. ಯಲಹಂಕದ ಒಬ್ಬ ಮೇಷ್ಟ್ರು ಎಂದೆ.

ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಾವಿರದ ಆರುನೂರು ವರ್ಷದ ಒಂದು ಸತ್ಯವೇದವಿದೆ. ಸೀನಾಯಿ ಬೆಟ್ಟದ ಮಠದಲ್ಲಿ ಇದ್ದದ್ದು. ಚರ್ಮದ ಹಾಳೆ, ಪುಟಕ್ಕೆ ನಾಲ್ಕು ಕಂಬದ ಬರಹ. ಬರೆದವರು ಮೂರೋ ನಾಲ್ಕೋ ಜನ, ತಿದ್ದಿದವರು ಅದಕ್ಕಿಂತ ಹೆಚ್ಚು. ಅಂಥ ಪ್ರತಿಗಳ ಛಾಯಾಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ, ಒಂದಕ್ಷರ ಬೇರೆಯಾದರೂ ಪಟ್ಟಿ ಮಾಡುವುದು ನನ್ನ ಕೆಲಸ. ಯಾರು ಯಾವುದನ್ನು ನೋಡಿ ಬರೆದರು, ಎಲ್ಲಿ ಮಾತು ಬದಲಾಯಿತು ಎಂಬುದು ಆ ಪಟ್ಟಿಗಳಿಂದ ನಿಧಾನವಾಗಿ ತಿಳಿಯುತ್ತದಂತೆ.

ಒಂದು ಕೋರಿಕೆ. ಚಿಕ್ಕಬಳ್ಳಾಪುರಕ್ಕೆ ನಿಮ್ಮೂರಿನಿಂದಲೇ ಸಣ್ಣ ರೈಲು ಹೋಗುತ್ತದೆ. ಯಾವಾಗಲಾದರೂ ಅಲ್ಲಿನ ಮಿಷನ್ ಬೋರ್ಡಿಂಗಿಗೆ ಹೋಗಿ ಅಮ್ಮನನ್ನು ಕಂಡು ಬರುತ್ತೀರಾ? ಅಡುಗೆಮನೆಯಲ್ಲಿ ಲಕ್ಷ್ಮಿದೇವಮ್ಮ ಎಂದರೆ ಸಾಕು. ನನಗೆ ಕಲಿಸಿದವರನ್ನು ಒಮ್ಮೆ ನೋಡಬೇಕೆಂದು ಆಕೆಗೆ ಬಹಳ ಆಸೆ.

ನಿಮ್ಮ ವಿಧೇಯ ಶಿಷ್ಯ,
ಆನಂದಪ್ಪ

*

ಯಲಹಂಕ
೨೦ ಡಿಸೆಂಬರ್ ೧೯೫೭

ಚಿರಂಜೀವಿ ಆನಂದಪ್ಪನಿಗೆ ನರಸಿಂಹಯ್ಯನ ಆಶೀರ್ವಾದ.

ನಿನ್ನ ಕಾಗದದಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಎರಡು ಸಲ ನೋಡಿದೆ.

ಅನುವಾದ ಸಮಿತಿಯ ಕೆಲಸ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯಕ್ಕೆ ಬಂದಿದೆ. ತಪ್ಪು ಮಾಡಿ ಸಿಕ್ಕಿಬಿದ್ದ ಹೆಂಗಸನ್ನು ಜನ ಎಳೆದುತಂದು ಗುರುವಿನ ಮುಂದೆ ನಿಲ್ಲಿಸಿ, ಕಲ್ಲೆಸೆದು ಕೊಲ್ಲೋಣವೇ ಎಂದು ಕೇಳುವ ಪ್ರಸಂಗ ನಿನಗೆ ಗೊತ್ತೇ ಇದೆ. ಹಳೆಯ ಅನುವಾದದಲ್ಲಿ ಅವಳು 'ಹಿಡಿಯಲ್ಪಟ್ಟ ಸ್ತ್ರೀ'. ಅದು ಕೋರ್ಟಿನ ಕನ್ನಡ ಎಂದು ನಾನು ಮೂರು ದಿನ ಕೂತು ಇಡೀ ಪ್ರಸಂಗವನ್ನು ಹೊಸದಾಗಿ ಬರೆದೆ. ನಾನು ನಿಮ್ಮ ಮತದವನಲ್ಲ. ಅವರು ನನ್ನನ್ನು ಇಟ್ಟುಕೊಂಡಿರುವುದು ಭಾಷೆಗೆ ಮಾತ್ರ. ಆದರೂ ಬರೆಯುವಾಗ ಕೈ ಒಂದೆರಡು ಸಲ ನಿಂತಿತು.

ನಿನ್ನೆ ಅಧ್ಯಕ್ಷರಾದ ಪಾದ್ರಿಗಳು, ಈ ಹನ್ನೆರಡು ವಾಕ್ಯಗಳು ಅತ್ಯಂತ ಹಳೆಯ ಪ್ರತಿಗಳಲ್ಲಿ ಇಲ್ಲ, ಹಾಗಾಗಿ ಕಂಸದೊಳಗೆ ಸಣ್ಣ ಅಕ್ಷರದಲ್ಲಿ ಹಾಕೋಣ ಎಂದರು. ನನಗೆ ಅರ್ಥವಾಗಲಿಲ್ಲ. ಇಲ್ಲದ್ದು ಆಮೇಲೆ ಬಂದು ಸೇರಿತೋ, ಅಥವಾ ಇದ್ದದ್ದನ್ನು ಯಾರಾದರೂ ತೆಗೆದುಹಾಕಿದರೋ? ತೆಗೆದಿದ್ದರೆ ಅದು ಕೈತಪ್ಪೋ, ಬೇಕೆಂದೇ ಮಾಡಿದ್ದೋ? ನಿಮ್ಮ ವಿದ್ವಾಂಸರು ಅದನ್ನು ಹೇಗೆ ಕಂಡುಹಿಡಿಯುತ್ತಾರೆ? ವಿವರವಾಗಿ ಬರೆ.

ಚಿಕ್ಕಬಳ್ಳಾಪುರಕ್ಕೆ ಈಗ ಹೋಗಲಾಗದು. ಮಂಡಿ ನೋವು.

ಹಿತಚಿಂತಕ,
ನರಸಿಂಹಯ್ಯ

*

ಲಂಡನ್
೨೫ ಜನವರಿ ೧೯೫೮

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮ ಪ್ರಶ್ನೆಯನ್ನು ಪ್ರೊಫೆಸರರ ಮುಂದೆಯೂ ಇಟ್ಟೆ. ಆ ಪ್ರಸಂಗ ಇಲ್ಲಿನ ಸೀನಾಯಿ ಪ್ರತಿಯಲ್ಲಿ ಇಲ್ಲ, ರೋಮಿನಲ್ಲಿರುವ ಅಷ್ಟೇ ಹಳೆಯ ಪ್ರತಿಯಲ್ಲೂ ಇಲ್ಲ. ಎರಡು ವರ್ಷದ ಹಿಂದೆ ಅಚ್ಚಾದ, ಅವೆರಡಕ್ಕಿಂತ ಹಳೆಯದಾದ ಈಜಿಪ್ಟಿನ ಪಪೈರಸ್ ಪ್ರತಿಯಲ್ಲೂ ಕಾಣುವುದಿಲ್ಲ. ಏಳನೆಯ ಅಧ್ಯಾಯ ಮುಗಿದು ಮಾತು ನೇರವಾಗಿ ಎಂಟರ ನಡುವಿಗೆ ಹೋಗುತ್ತದೆ. ಕೇಂಬ್ರಿಡ್ಜಿನಲ್ಲಿರುವ ಸ್ವಲ್ಪ ಈಚಿನ ಒಂದು ಪ್ರತಿಯಲ್ಲಿ ಇದೆ. ಕೆಲವು ಲಿಪಿಕಾರರು ಅದನ್ನು ಬರೆದು ಅಂಚಿನಲ್ಲಿ ನಕ್ಷತ್ರದ ಗುರುತು ಹಾಕಿದ್ದಾರೆ, ಅಂದರೆ ಅನುಮಾನವಿದೆ ಎಂದು. ಕೆಲವರು ಸುವಾರ್ತೆಯ ಕೊನೆಗೆ ತಳ್ಳಿದ್ದಾರೆ. ಇನ್ನು ಕೆಲವರು ಬೇರೆ ಸುವಾರ್ತೆಗೇ ಸೇರಿಸಿದ್ದಾರೆ. ಆ ಹೆಂಗಸಿನ ಕಥೆ ನಿಲ್ಲಲು ಜಾಗವಿಲ್ಲದೆ ಅಲೆದಿದೆ.

ಹಳೆಯ ಕಾಲದ ಒಬ್ಬ ಬಿಷಪ್, ತಮ್ಮ ಹೆಂಡಂದಿರಿಗೆ ಸಲಿಗೆ ಸಿಕ್ಕೀತೆಂದು ಹೆದರಿದ ಗಂಡಸರು ಇದನ್ನು ಕಿತ್ತುಹಾಕಿದರು ಎಂದು ಬರೆದಿದ್ದಾನೆ. ಈಗಿನ ವಿದ್ವಾಂಸರು ಹೆಚ್ಚಿನವರು ಒಪ್ಪುವುದಿಲ್ಲ. ಯೋಹಾನನು ಬರೆದದ್ದಲ್ಲ, ಬಾಯಿಂದ ಬಾಯಿಗೆ ಬಂದ ಹಳೆಯ ನೆನಪೊಂದು ಆಮೇಲೆ ಸೇರಿತು ಎನ್ನುತ್ತಾರೆ.

ಬಿಟ್ಟುಹೋದದ್ದನ್ನು ಹೇಗೆ ಗುರುತಿಸುತ್ತೀರಿ ಎಂದಿರಿ. ಒಂದೇ ಪದದಲ್ಲಿ ಮುಗಿಯುವ ಎರಡು ಸಾಲು ಹತ್ತಿರ ಹತ್ತಿರ ಇದ್ದರೆ ಬರೆಯುವವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ. ನಡುವಿನದು ಹೋಗುತ್ತದೆ. ನಾನು ಪಟ್ಟಿ ಮಾಡಿರುವ ಲೋಪಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಬೇಕೆಂದು ಬಿಟ್ಟದ್ದು ಕಡಿಮೆ. ಅದನ್ನು ಕಂಡುಹಿಡಿಯುವುದೂ ಕಷ್ಟ, ಮೂಲಪ್ರತಿಯ ಮೇಲೆ ಏನಾದರೂ ಗುರುತು ಉಳಿದಿದ್ದರೆ ಮಾತ್ರ ಸಾಧ್ಯ.

ಅಮ್ಮನ ವಿಷಯ ಒಂದು ಹೇಳಬೇಕು. ಬೋರ್ಡಿಂಗಿನ ಪ್ರಾರ್ಥನೆಯಲ್ಲಿ ಆ ಪ್ರಸಂಗ ಓದಿದಾಗಲೆಲ್ಲ ಆಕೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ನಾನು ಹುಟ್ಟುವ ಮುಂಚೆ ಅಟ್ಟೂರಿನವರು ಆಕೆಯನ್ನು ಊರು ಬಿಡಿಸಿದರು ಎಂದಷ್ಟೇ ನನಗೆ ಗೊತ್ತು. ಕೇಳಿದರೆ, ಊರಿಗೆ ನಾವು ಬೇಡವಾದೆವು ಎನ್ನುತ್ತಾಳೆ, ಅಷ್ಟೇ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆಯ ಹೆಸರಿನ ಎದುರು ಏನು ಬರೆಯಲಿ ಎಂದು ಕೇಳಿದ್ದಕ್ಕೆ ಚಿಕ್ಕಬೈರಪ್ಪ ಎಂದು ಹೇಳಿ, ಬರೆಯಲೇಬೇಕಾ ಎಂದು ತಿರುಗಿ ಕೇಳಿದಳು. ಬರೆದೆ, ಆದರೆ ಸುಳ್ಳು ಬರೆದೆನೇನೋ ಎನ್ನುವ ಹಾಗೆ ಬರೆದೆ.

ನೀವು ಆ ಕಾಲದಲ್ಲಿ ಆ ಕಡೆಯ ಶಾಲೆಗಳಲ್ಲೇ ಇದ್ದಿರಿ. ಏನಾದರೂ ಕೇಳಿದ ನೆನಪಿದೆಯೇ?

ವಿಧೇಯ,
ಆನಂದಪ್ಪ

*

ಯಲಹಂಕ
೨ ಮಾರ್ಚ್ ೧೯೫೮

ಚಿ. ಆನಂದಪ್ಪನಿಗೆ ಆಶೀರ್ವಾದ.

ಸಮಿತಿಯಲ್ಲಿ ನನಗೆ ಮತ ಹಾಕುವ ಹಕ್ಕಿಲ್ಲ. ಆದರೂ ಎದ್ದು ನಿಂತು, ಸಣ್ಣ ಅಕ್ಷರ ಬೇಡ, ಉಳಿದದ್ದು ಯಾವ ಅಕ್ಷರದಲ್ಲಿದೆಯೋ ಇದೂ ಅದರಲ್ಲೇ ಇರಲಿ, ಬೇಕಿದ್ದರೆ ಕೆಳಗೆ ಟಿಪ್ಪಣಿ ಹಾಕಿ ಎಂದೆ. ಅಧ್ಯಕ್ಷರು ಕಾರಣ ಕೇಳಿದರು. ಕನ್ನಡ ಚೆನ್ನಾಗಿ ಬಂದಿದೆ, ಸಣ್ಣದು ಮಾಡಿದರೆ ಓದುವವರಿಗೆ ಕಾಣುವುದಿಲ್ಲ ಎಂದು ಏನೋ ಹೇಳಿ ಕುಳಿತೆ. ತೀರ್ಮಾನ ಮುಂದಕ್ಕೆ ಹಾಕಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರವಿದೆ. ನಾಲ್ಕು ದಿನದಿಂದ ಬರೆಯಲು ಕೂರುತ್ತಿದ್ದೇನೆ. ಇವತ್ತೂ ಆಗಲಿಲ್ಲ.

ನರಸಿಂಹಯ್ಯ

*

ಯಲಹಂಕ
೧೯ ಜೂನ್ ೧೯೫೮

ಆನಂದಪ್ಪನಿಗೆ.

ವಿಭವ ಸಂವತ್ಸರದ ಆಷಾಢದಲ್ಲಿ, ಅಂದರೆ ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ, ನಾನು ಅಟ್ಟೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಶಾಲೆ ನಡೆಯುತ್ತಿದ್ದದ್ದು ಊರ ಯಜಮಾನ ದೊಡ್ಡಮುನಿಯಪ್ಪನ ಮನೆಯ ಪಡಸಾಲೆಯಲ್ಲಿ. ನಾನು, ನನ್ನ ಹೆಂಡತಿ, ಎರಡು ಮಕ್ಕಳು ಇದ್ದ ಮನೆಯೂ ಅವನದೇ. ಊರಿನ ಕಾಗದಪತ್ರವೆಲ್ಲ ನನ್ನ ಕೈಯಲ್ಲಿ ಬರೆಸುತ್ತಿದ್ದರು.

ದೊಡ್ಡಮುನಿಯಪ್ಪನ ತಮ್ಮ ಚಿಕ್ಕಬೈರಪ್ಪ. ಅವನ ಹೆಂಡತಿ ನಿನ್ನ ತಾಯಿ. ಅಣ್ಣತಮ್ಮಂದಿರಿಗೆ ಹೊಲದ ವಿಷಯದಲ್ಲಿ ಮನಸ್ತಾಪವಾಗಿ ಮಾತು ನಿಂತಿತ್ತು. ಚಿಕ್ಕಬೈರಪ್ಪ ಬೆಂಗಳೂರಿಗೆ ಕಲ್ಲು ಸಾಗಿಸುವ ಗಾಡಿ ಕಟ್ಟಿಕೊಂಡು ದೀಪಾವಳಿ ಆದಮೇಲೆ ಹೋದವನು, ವೈಶಾಖದಲ್ಲಿ ಜ್ವರ ಹತ್ತಿಸಿಕೊಂಡು ಬಂದು ಒಂಬತ್ತನೆಯ ದಿನ ತೀರಿಕೊಂಡ. ಆಷಾಢದ ಹೊತ್ತಿಗೆ ನಿನ್ನ ತಾಯಿ ಬಸುರಿ ಎಂದು ಊರಿಗೆಲ್ಲ ಕಂಡಿತು. ತಮ್ಮ ಆರು ತಿಂಗಳು ಊರಲ್ಲೇ ಇರಲಿಲ್ಲ, ಇದು ಯಾರದು ಎಂದು ದೊಡ್ಡಮುನಿಯಪ್ಪ ಕಟ್ಟೆಯ ಮೇಲೆ ನ್ಯಾಯ ಸೇರಿಸಿದ.

ನಿನ್ನ ತಾಯಿಯನ್ನು ಕಟ್ಟೆಗೆ ಕರೆಯಲಿಲ್ಲ. ಕೋಣೆಯಲ್ಲಿ ಕೂಡಿಹಾಕಿದ್ದರು. ಅಲ್ಲಿಂದಲೇ ತಾನು ತಪ್ಪು ಮಾಡಿಲ್ಲವೆಂದು ಹೇಳಿ ಕಳಿಸಿದಳು. ಯಾರೂ ಬಾಯಿ ಬಿಡಲಿಲ್ಲ. ಆಗ ಸೂಲಗಿತ್ತಿ ಮುನಿವೆಂಕಟಮ್ಮ ತಾನಾಗಿ ಎದ್ದು ಬಂದಳು. ಗಂಡಸರು ಕೂತ ಕಡೆ ಹೆಂಗಸು ಬಂದು ನಿಂತದ್ದು ನಾನು ಅದೇ ಮೊದಲು ನೋಡಿದ್ದು. ಅವಳ ಮಾತು ಹೀಗಿತ್ತು:

"ಶಿವರಾತ್ರಿಗೆ ಬೈರಪ್ಪ ಬಂದಿದ್ದ. ಅಣ್ಣನ ಮನೆ ಮೆಟ್ಲು ಅತ್ತಲಿಲ್ಲ ಅಷ್ಟೆ. ನಾಕು ದಿನ ಒಲದ ಗುಡ್ಲಲ್ಲಿ ಎಂಡ್ತಿ ಜೊತೆ ಇದ್ದು ಓದ. ನಾನೇ ಕಂಡಿದೀನಿ. ಜ್ವರ ಬಂದು ಮಲಗ್ದಾಗ ಎರಡು ತುಂಬಿ ಮೂರ್ರಲ್ಲಿ ಐತೆ ಅಂತ ನಾನೇ ಅವ್ನಿಗೆ ಯೋಳ್ದೆ. ಆ ಜ್ವರದಾಗೂ ನಂಗೆ ಒಂದಚ್ಚು ಬೆಲ್ಲ ಕೊಡ್ಸಿದ."

ನಾನು ಕರಡಿನಲ್ಲಿ ಅಷ್ಟನ್ನೂ ಬರೆದುಕೊಂಡೆ. ತೀರ್ಪು ಕೊಡಬೇಕಾದವರು ದೇವನಹಳ್ಳಿ ಕಡೆಯ ಕುಲದ ಹಿರಿಯರು. ಅವರು ಬರುವುದಿಲ್ಲ, ಊರಿನಿಂದ ಹೋದ ಕಾಗದ ನೋಡಿ ಹೇಳುತ್ತಾರೆ. ಶುದ್ಧಪ್ರತಿ ಮಾಡಲು ಎದ್ದಾಗ ದೊಡ್ಡಮುನಿಯಪ್ಪ ಹತ್ತಿರ ಬಂದು, "ಸೂಲಗಿತ್ತಿ ಮಾತ್ಗೆಲ್ಲ ಯಾಕ್ ಮೇಷ್ಟ್ರೇ ಕಾಗ್ದ ಉದ್ದ ಮಾಡ್ತೀರಿ" ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ನಿನ್ನ ತಾಯಿಯ ಮಾತು ಬರೆದ ಸಾಲು 'ಹೇಳಿರುತ್ತಾಳೆ' ಎಂದು ಮುಗಿಯುತ್ತದೆ. ಮುನಿವೆಂಕಟಮ್ಮನದೂ 'ಹೇಳಿರುತ್ತಾಳೆ' ಎಂದೇ. ಶುದ್ಧಪ್ರತಿಯಲ್ಲಿ ಅವಳ ಹೇಳಿಕೆ ಇಲ್ಲ. ನನ್ನ ಕಣ್ಣು ಹಾರಿತೋ, ಮನಸ್ಸು ಹಾರಿಸಿತೋ ಎಂದು ಮೂವತ್ತು ವರ್ಷ ಕೇಳಿಕೊಂಡಿದ್ದೇನೆ. ಗಮನಕ್ಕೆ ಬರುವ ಹೊತ್ತಿಗೆ ಕಾಗದ ಹೋಗಿಯಾಗಿತ್ತು. ಹಿರಿಯರು ಅದನ್ನು ನೋಡಿ, ಸಾಕ್ಷಿಯಿಲ್ಲ, ಊರು ಬಿಡಿಸಿ ಎಂದರು.

ಬಂಗಲೆಯಲ್ಲಿ ನೀನು ಸೇರಿದ ಮೊದಲ ವಾರ ತಾಯಿಯ ಹೆಸರು, ಊರು ಹೇಳಿದೆ. ಅಂದೇ ನನಗೆ ತಿಳಿಯಿತು. ಎರಡು ವರ್ಷ ನಿನಗೆ ಪಾಠ ಹೇಳಿದೆ, ಇದನ್ನು ಹೇಳಲಿಲ್ಲ.

ಕರಡು ನನ್ನ ಪೆಟ್ಟಿಗೆಯಲ್ಲೇ ಇತ್ತು. ನಕಲು ಮಾಡಿ ಕಳಿಸುತ್ತಿಲ್ಲ. ನನ್ನ ಕೈಯ ನಕಲನ್ನು ನೀನು ನಂಬಬೇಕಾಗಿಲ್ಲ. ಮೂಲವನ್ನೇ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ.

ನರಸಿಂಹಯ್ಯ

*

ಲಂಡನ್
೩ ನವೆಂಬರ್ ೧೯೫೮

ನರಸಿಂಹಯ್ಯನವರಿಗೆ.

ನಿಮ್ಮ ಲಕೋಟೆ ಜುಲೈನಲ್ಲೇ ತಲುಪಿತು. ಮೂರು ಸಲ ಉತ್ತರ ಬರೆದು ಹರಿದೆ. ಎರಡು ತಿಂಗಳು ಕರಡನ್ನು ತೆಗೆದು ನೋಡಲೂ ಇಲ್ಲ. ಆಮೇಲೆ ಒಂದು ದಿನ ಬೇರೆ ಕಾಗದಗಳನ್ನು ನೋಡುವ ಹಾಗೆಯೇ ಇದನ್ನೂ ನೋಡೋಣವೆಂದು ಕಿಟಕಿಯ ಬಳಿ ಕೂತೆ. ಬೇರೆ ಥರ ನೋಡಲು ನನಗೆ ಧೈರ್ಯವಿರಲಿಲ್ಲ.

ಕರಡಿನ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಮುನಿವೆಂಕಟಮ್ಮನ ಹೇಳಿಕೆ ಶುರುವಾಗುವ ಕಡೆ, ಎಡ ಅಂಚಿನಲ್ಲಿ, ಒಂದು ಸಣ್ಣ ಕತ್ತರಿ ಗುರುತಿದೆ. ಮುಗಿಯುವ ಕಡೆ ಇನ್ನೊಂದು. ಅವೆರಡರ ಮಸಿ ಕಪ್ಪು, ಮೊನೆ ಸಣ್ಣದು. ಕರಡು ಬರೆದು ಆರಿದ ಮೇಲೆ, ಬೇರೆ ಲೇಖನಿಯಿಂದ ಹಾಕಿದ್ದು. ಬಂಗಲೆಯಲ್ಲಿ ಅಚ್ಚಿಗೆ ಹೋಗಬಾರದ ಸಾಲಿಗೆ ನೀವು ಇದೇ ಗುರುತು ಹಾಕುತ್ತಿದ್ದಿರಿ. ಮೇಲೊಂದು, ಕೆಳಗೊಂದು.

ಕಣ್ಣು ಹಾರಿದವನು ಗುರುತು ಹಾಕುವುದಿಲ್ಲ. ನೀವು ಅದರ ವಿಷಯ ಬರೆಯಲಿಲ್ಲ.

ನಾನು ಯಾರ ಮಗ ಎಂಬುದು ಆ ಎರಡು ಗುರುತುಗಳ ನಡುವೆ ಮೂವತ್ತು ವರ್ಷ ನಿಮ್ಮ ಪೆಟ್ಟಿಗೆಯಲ್ಲಿತ್ತು. ಬೋರ್ಡಿಂಗಿನಲ್ಲಿ ಹುಡುಗರು ನನ್ನನ್ನು ಏನೆಂದು ಕರೆಯುತ್ತಿದ್ದರೋ ಅದನ್ನು ನಿಮಗೆ ಬರೆಯುವುದಿಲ್ಲ. ಅಮ್ಮ ಅದನ್ನು ಕೇಳಿಸಿಕೊಂಡು ರಾಗಿ ಬೀಸುತ್ತಲೇ ಇರುತ್ತಿದ್ದಳು.

ಕ್ಷಮೆಯ ಮಾತು ನೀವು ಕೇಳಿಲ್ಲ, ನಾನೂ ಎತ್ತುವುದಿಲ್ಲ. ಎರಡು ಕೆಲಸ ಮಾಡಿ. ಅಟ್ಟೂರಿಗೆ ಹೋಗಿ, ಆ ಕಾಲದವರು ಯಾರು ಉಳಿದಿದ್ದಾರೋ ಅವರ ಮುಂದೆ ಕರಡನ್ನು ಪೂರ್ತಿ ಓದಿ. ಹೊಲದ ಮಾತು ಎತ್ತಬೇಡಿ, ನಮಗೆ ಅದು ಬೇಡ. ಆಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಮ್ಮನಿಗೆ ನೀವೇ ಹೇಳಿ. ನಾನು ಕಾಗದದಲ್ಲಿ ಬರೆಯುವುದಿಲ್ಲ. ಆಕೆ ಏನನ್ನುತ್ತಾಳೋ ಅದು ಆಕೆಗೆ ಬಿಟ್ಟದ್ದು.

ಕರಡನ್ನು ಹಿಂದಕ್ಕೆ ಕಳಿಸಿದ್ದೇನೆ. ಛಾಯಾಪ್ರತಿ ನನ್ನಲ್ಲಿದೆ.

ಚಿಕ್ಕಬೈರಪ್ಪನ ಮಗ,
ಆನಂದಪ್ಪ

*

ಯಲಹಂಕ
೧೪ ಜನವರಿ ೧೯೫೯

ಆನಂದಪ್ಪನಿಗೆ.

ಗುರುತು ನನ್ನದೇ. ಶುದ್ಧಪ್ರತಿಗೆ ಕೂರುವ ಮುಂಚೆಯೇ ಹಾಕಿದೆ. ಮನೆ ಹೋಗುತ್ತದೆ, ಶಾಲೆ ಹೋಗುತ್ತದೆ ಎಂಬ ಭಯದಲ್ಲಿ ಹಾಕಿದೆ. ಎರಡೂ ಸಾಲು ಒಂದೇ ಪದದಲ್ಲಿ ಮುಗಿದದ್ದು ಆಮೇಲೆ ನನ್ನ ಕಣ್ಣಿಗೆ ಬಿದ್ದಿತು, ಅದನ್ನೇ ಹಿಡಿದುಕೊಂಡು ಬದುಕಿದೆ. ನಿನಗೆ ಬರೆದ ಕಾಗದದಲ್ಲೂ ಅದನ್ನೇ ಮುಂದೆ ಮಾಡಿದೆ. ನೀನು ಪತ್ತೆ ಮಾಡುತ್ತೀಯೆಂದು ಒಳಗೆಲ್ಲೋ ಗೊತ್ತಿದ್ದೇ ಮೂಲ ಕಳಿಸಿದೆನೇನೋ. ಅದನ್ನು ನನ್ನ ಪರವಾಗಿ ಹೇಳಿಕೊಳ್ಳುವುದಿಲ್ಲ.

ಇವತ್ತು ಸಂಕ್ರಾಂತಿ, ಎಲ್ಲರೂ ಊರಲ್ಲೇ ಇರುತ್ತಾರೆಂದು ಬೆಳಿಗ್ಗೆ ಅಟ್ಟೂರಿಗೆ ನಡೆದುಹೋದೆ. ಆ ಕಾಲದವರು ಏಳು ಜನ ಉಳಿದಿದ್ದಾರೆ. ದೊಡ್ಡಮುನಿಯಪ್ಪ ಇದ್ದಾನೆ, ಒಂದು ಕೈ ಒಂದು ಕಾಲು ಬಿದ್ದುಹೋಗಿದೆ, ಜಗಲಿಯ ಮೇಲೆ ಮಲಗಿಸಿದ್ದರು. ಆ ಜಗಲಿಯ ಮುಂದೆಯೇ ನಿಂತು ಓದಿದೆ. ಮುನಿವೆಂಕಟಮ್ಮನ ಮಾತನ್ನು ಅವಳು ಹೇಳಿದ ಹಾಗೆಯೇ ಓದಿದೆ. ಬಿಟ್ಟದ್ದು ನಾನು, ಬೇಕೆಂದೇ ಬಿಟ್ಟೆ ಎಂದು ಹೇಳಿದೆ. ಬಿಡಲು ಯಾರು ಹೇಳಿದರು ಎಂದು ಒಬ್ಬರು ಕೇಳಿದರು. ಬರೆದ ಕೈ ನನ್ನದು ಎಂದೆ.

ಎಳೆಯರು ಕೆಲವರು ಇದೆಲ್ಲ ಈಗ ಯಾಕೆ ಎಂದು ಎದ್ದುಹೋದರು. ದೊಡ್ಡಮುನಿಯಪ್ಪ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಅವನ ಹೆಂಡತಿ ಮುನಿಕೆಂಪಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳೊಬ್ಬಳೇ ಮಾತಾಡಿದ್ದು: "ದಿಟ ಮೇಷ್ಟ್ರೇ. ಆ ಮುದುಕಿ ಬಂದು ಯೋಳಿದ್ದು ದಿಟ. ನಾನೂ ಕೇಳಿಸ್ಕೊಂಡೆ." ಅಷ್ಟು ಹೇಳಿ ಗಂಡನ ಕಡೆ ನೋಡದೆ ಒಳಗೆ ಹೋದಳು. ಉಳಿದ ಮುದುಕರು ಒಬ್ಬೊಬ್ಬರಾಗಿ, ಹೌದು, ನಮಗೂ ನೆನಪಿದೆ ಎಂದರು. ಮುನಿವೆಂಕಟಮ್ಮ ಸತ್ತು ಹದಿನಾರು ವರ್ಷವಾಯಿತಂತೆ. ಅದು ನನಗೆ ಗೊತ್ತಿರಲಿಲ್ಲ.

ಸಮಿತಿಯವರು ಕೊನೆಗೆ ಆ ಪ್ರಸಂಗವನ್ನು ಉಳಿದ ಅಕ್ಷರದಲ್ಲೇ ಇಟ್ಟು, ಹಳೆಯ ಪ್ರತಿಗಳಲ್ಲಿ ಇಲ್ಲವೆಂದು ಕೆಳಗೆ ಬರೆಯಲು ಒಪ್ಪಿದ್ದಾರೆ.

ಸೋಮವಾರ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇನೆ.

ನರಸಿಂಹಯ್ಯ

*

ಚಿಕ್ಕಬಳ್ಳಾಪುರ
೮ ಮಾರ್ಚ್ ೧೯೫೯

ಮಗ ಆನಂದನಿಗೆ ಅಮ್ಮ ಬರೆಯುವುದು.

ನಾನು ಚೆನ್ನಾಗಿದ್ದೇನೆ. ಈ ಕಾಗದ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಅಕ್ಷರ ದಪ್ಪ, ಹಾಳೆ ಹೆಚ್ಚು ಆಗಿದೆ. ನಗಬೇಡ.

ಸಂಕ್ರಾಂತಿ ಕಳೆದ ಸೋಮವಾರ ಮೇಷ್ಟ್ರು ಬಂದರು. ನಾನು ಹಿತ್ತಲಲ್ಲಿ ರಾಗಿ ಕೇರುತ್ತಿದ್ದೆ. ಮುದುಕರಾಗಿದ್ದಾರೆ, ಗುರುತು ಸಿಗಲಿಲ್ಲ. ಯಲಹಂಕದ ನರಸಿಂಹಯ್ಯ ಎಂದಾಗ ನಿನಗೇ ಏನೋ ಆಗಿದೆ, ಹೇಳಲು ಬಂದಿದ್ದಾರೆ ಎಂದು ನನ್ನ ಕೈಯಿಂದ ಮೊರ ಜಾರಿತು. ಮಗ ಕ್ಷೇಮ ಎಂದು ಮೊದಲು ಹೇಳಿಸಿಕೊಂಡೆ. ಅವರು ಕೂರಲಿಲ್ಲ. ನಿಂತೇ ಆ ಹಳೆಯ ಕರಡು ಓದಿದರು. ಅಟ್ಟೂರಿನ ಮೇಷ್ಟ್ರೇ ಇವರು ಎಂದು ಆಗ ತಿಳಿಯಿತು.

ಮುನಿವೆಂಕಟಮ್ಮನ ಮಾತು ಬಂದಾಗ ನಿಲ್ಲಿಸಿ ಎಂದೆ. ಮತ್ತೆ ಓದಿ ಎಂದೆ. ಮೂರು ಸಲ ಓದಿಸಿದೆ.

ನಿನಗೆ ಹೇಳಿಲ್ಲ ಆನಂದ, ಆವತ್ತು ನನ್ನನ್ನು ಕೋಣೆಯಲ್ಲಿ ಹಾಕಿದ್ದರು. ಸಂಜೆಗೆ ಮುನಿಕೆಂಪಮ್ಮ ಬಂದು, ನಿನ್ನ ಪರ ಯಾರೂ ಬಾಯಿ ಬಿಡಲಿಲ್ಲ ಅಂತ ಹೇಳಿದಳು. ಮುನಿವೆಂಕಟಕ್ಕನಿಗೆ ಎಲ್ಲಾ ಗೊತ್ತಿತ್ತು, ಅವಳೂ ಸುಮ್ಮನಿದ್ದಳಾ ಎಂದು ನನಗೆ ಊರು ಬಿಡಿಸಿದ್ದಕ್ಕಿಂತ ಅದೇ ಹೆಚ್ಚು ನೋವಾಯಿತು. ನಾನು ಗಂಟು ಹೊತ್ತುಕೊಂಡು ಹೋಗುವಾಗ ಅವಳು ಬಾವಿ ಹತ್ತಿರ ನಿಂತಿದ್ದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು, ನನಗೆ ಕೊಡುವುದಕ್ಕೆ. ಲಕ್ಷ್ಮೀ ಅಂತ ಎರಡು ಸಲ ಕರೆದಳು. ನಾನು ಮುಖ ತಿರುಗಿಸಿಕೊಂಡು ಹೋದೆ. ಇಷ್ಟು ವರ್ಷ ಪ್ರಾರ್ಥನೆಯಲ್ಲಿ ಎಲ್ಲರನ್ನೂ ಕ್ಷಮಿಸಿದ್ದೇನೆ, ಅವಳನ್ನು ಮಾತ್ರ ಬಿಟ್ಟಿದ್ದೆ.

ಮೇಷ್ಟ್ರು ತಪ್ಪಾಯಿತು ಎಂದರು. ಮಕ್ಕಳ ಊಟದ ಹೊತ್ತಾಗಿತ್ತು. ಅವರಿಗೂ ಎಲೆ ಹಾಕಿದೆ. ನಮ್ಮ ಕೈಯ ಊಟ ಮಾಡುವರೋ ಇಲ್ಲವೋ ಅಂದುಕೊಂಡೆ, ಮಾಡಿದರು.

ಊಟ ಆದಮೇಲೆ ಮುನಿವೆಂಕಟಕ್ಕನ ಮಗಳು ಮಾರಕ್ಕ ಎಲ್ಲಿದ್ದಾಳೆ ಎಂದು ಕೇಳಿದೆ. ಹೆಬ್ಬಾಳಕ್ಕೆ ಕೊಟ್ಟಿದ್ದಾರೆ ಎಂದು ಅಟ್ಟೂರಿನಲ್ಲಿ ಕೇಳಿದ್ದರಂತೆ. ಅವಳಿಗೆ ಕಾಗದ ಬರೆಯಿರಿ ಎಂದೆ. "ನಾನು ಹೇಳಿದ್ದಷ್ಟೂ ಬರೀರಿ" ಎಂದೆ. ಅವರು ಬರೆದು ಓದಿದರು. ನಾನು ಸಾಲಿನ ಮೇಲೆ ಬೆರಳಿಟ್ಟು ನೋಡಿಕೊಂಡೆ. ಎಲ್ಲಾ ಇತ್ತು.

ಮಾರಕ್ಕ ಬಾ ಎಂದು ಹೇಳಿ ಕಳಿಸಿದಳು. ಹೋದ ಶನಿವಾರ ರೈಲಿನಲ್ಲಿ ಯಲಹಂಕಕ್ಕೆ ಹೋದೆ. ಮೇಷ್ಟ್ರು ಸ್ಟೇಷನ್ನಿಗೆ ಬಂದು ಬಸ್ಸಿನಲ್ಲಿ ಹೆಬ್ಬಾಳದವರೆಗೂ ಜೊತೆಗೆ ಬಂದರು. ಮನೆಯೊಳಗೆ ಬರಲಿಲ್ಲ, ಬೇಲಿಯ ಹೊರಗೇ ನಿಂತರು. ನಾನೂ ಕರೆಯಲಿಲ್ಲ.

ಮಾರಕ್ಕ ನನ್ನ ಕೈ ಹಿಡಿದು ತುಂಬ ಹೊತ್ತು ಅತ್ತಳು. ಅವಳ ತಾಯಿ ಈ ಸೀಮೆಯಲ್ಲಿ ಎಷ್ಟು ಮಕ್ಕಳನ್ನು ಎತ್ತಿದಳೋ ಲೆಕ್ಕವಿಲ್ಲವಂತೆ. ಆದರೆ ಚಿಕ್ಕಬಳ್ಳಾಪುರದ ಕಡೆಯಿಂದ ಯಾರು ಬಂದರೂ ಒಂದೇ ಮಾತು ಕೇಳುತ್ತಿದ್ದಳಂತೆ. ಮಾರಕ್ಕ ಹೇಳಿದ್ದು ಹಾಗೇ ಬರೆಯುತ್ತೇನೆ: "ಸಾಯೋ ದಿನಾನೂ ಕೇಳಿದ್ಲು ಲಕ್ಷ್ಮಕ್ಕಾ. ಆ ಉಡುಗಿಗೆ ಏನಾಯ್ತೇ, ಗಂಡೋ ಎಣ್ಣೋ ಅಂತ. ನಮ್ಗೆ ಯಾರ್ಗೂ ಗೊತ್ತಿರ್ಲಿಲ್ಲ."

ಅವಳನ್ನು ಮಣ್ಣು ಮಾಡಿದ್ದು ಎಲ್ಲಿ ಎಂದು ಕೇಳಿದೆ. ಅಟ್ಟೂರು ಕೆರೆಯ ಹಿಂದೆ ಎಂದಳು. ಬಾ ಹೋಗೋಣ ಎಂದೆ. ಆ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದುಕೊಂಡಿದ್ದವಳು ನಾನೇ ಹೊರಟೆ. ಊರೊಳಗೆ ಹೋಗಲಿಲ್ಲ, ಕೆರೆ ಏರಿಯ ಮೇಲಿಂದಲೇ ಹೋದೆವು. ಮೇಷ್ಟ್ರು ಏರಿಯ ಮೇಲೆ ನಿಂತುಕೊಂಡರು.

ಅವರಿಗೆ ಒಂದು ಕಾಗದ ಬರಿ. ಕ್ಷಮಿಸಿದೆ ಅಂತ ಬರೆಯಬೇಕಾಗಿಲ್ಲ, ನಾನೂ ಹೇಳಿಲ್ಲ. ಬರೀ ಕಾಗದ ಬರಿ. ದಿನಾ ಟಪಾಲಿನವನ ದಾರಿ ನೋಡುತ್ತಾರಂತೆ.

ಮುನಿವೆಂಕಟಕ್ಕನನ್ನು ಮಣ್ಣು ಮಾಡಿದ ಕಡೆ ಕಲ್ಲಿಲ್ಲ, ಗುರುತಿಲ್ಲ. ಒಂದು ಹೊಂಗೆ ಗಿಡ ಇದೆ, ಅದರ ಪಕ್ಕ ಎಂದು ಮಾರಕ್ಕ ತೋರಿಸಿದಳು. ನನಗೆ ಪ್ರಾರ್ಥನೆ ಮಾಡಲು ಬರಲಿಲ್ಲ ಆನಂದ. ಕೂತುಕೊಂಡು ನೆಲದ ಮೇಲೆ ಕೈ ಇಟ್ಟೆ. ಅವಳು ಕಿವಿ ಮಂದದವಳು ಎಂದು ನೆನಪಾಗಿ, ಗಟ್ಟಿಯಾಗಿ ಹೇಳಿದೆ: "ಗಂಡು, ಮುನಿವೆಂಕಟಕ್ಕಾ. ಗಂಡು ಮಗು."

ನಿನ್ನ ಅಮ್ಮ,
ಲಕ್ಷ್ಮಿದೇವಮ್ಮ